ಸ್ಮಿತಾ ಪಾಟೀಲ್: ದುಡಿಯುವ ಹೆಣ್ಣಿಗೆ ತೆರೆಯ ಮೇಲೆ ಸ್ಥಾನ ತಂದ ನಟಿ

ಹಿಂದಿ ಚಿತ್ರದ ನಾಯಕಿಯೆಂದರೆ ಬೆಳ್ಳನೆಯ ಮೈಬಣ್ಣ, ಒಡವೆ-ವಸ್ತ್ರಗಳ ಮೆರುಗು ಎಂಬ ಭಾವನೆ ಬೇರೂರಿದ್ದ ಕಾಲದಲ್ಲಿ ದುಡಿಯುವ ಹೆಣ್ಣಿನ ಬದುಕನ್ನು ತೆರೆಗೆ ತಂದವರು ಶ್ಯಾಮಲವರ್ಣದ ಸ್ಮಿತಾ ಪಾಟೀಲ್.

1955ರ ಅಕ್ಟೋಬರ್ 17ರಂದು ಪುಣೆಯಲ್ಲಿ ಜನಿಸಿದ ಅವರ ತಂದೆ ಶಿವಾಜಿರಾವ್ ರಾಜಕಾರಣಿ, ತಾಯಿ ವಿದ್ಯಾ ಸಮಾಜಸೇವಕಿ. ಜನ ಸ್ಮಿತಾರನ್ನು ಮೊದಲು ಕಂಡದ್ದು ಸಿನಿಮಾದಲ್ಲಲ್ಲ, ಮುಂಬಯಿ ದೂರದರ್ಶನದ ವಾರ್ತೆಯಲ್ಲಿ. ಈ ವಾರ್ತಾವಾಚಕಿಯನ್ನು ಚಿತ್ರರಂಗಕ್ಕೆ ಕರೆತಂದವರು ನಿರ್ದೇಶಕ ಶ್ಯಾಮ್ ಬೆನಗಲ್.

ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟು ನಿರ್ಮಿಸಿದ ‘ಮಂಥನ್’ (1976) ಚಿತ್ರದ ಬಿಂದು ಪಾತ್ರ ಅವರನ್ನು ಮನೆಮಾತಾಗಿಸಿತು. ನಟಿಯೊಬ್ಬಳ ಬಾಳಿನ ತೊಳಲಾಟದ ‘ಭೂಮಿಕಾ’ (1977), ಕೊಳೆಗೇರಿಯ ಬವಣೆಯ ‘ಚಕ್ರ’ (1981) ಚಿತ್ರಗಳು ಎರಡು ಬಾರಿ ರಾಷ್ಟ್ರ ಪ್ರಶಸ್ತಿ ತಂದವು. ಸತ್ಯಜಿತ್ ರಾಯ್ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಸದ್ಗತಿ’ಯಲ್ಲಿ ಅವರು ಚಮ್ಮಾರನ ಮಡದಿಯಾದರು. ‘ಶಕ್ತಿ’, ‘ನಮಕ್ ಹಲಾಲ್’ನಂತಹ ಜನಪ್ರಿಯ ಚಿತ್ರಗಳಲ್ಲೂ ನಟಿಸಿದರು.

ಕನ್ನಡಿಗರಿಗೂ ಅವರು ಅಪರಿಚಿತರಲ್ಲ. ‘ನಿಶಾಂತ್’, ‘ಮಂಥನ್’ ಚಿತ್ರಗಳಲ್ಲಿ ಜೊತೆಗಿದ್ದ ಗಿರೀಶ್ ಕಾರ್ನಾಡ್, ಅನಂತನಾಗ್ ಅವರೊಡನೆ ಟಿ.ಎಸ್. ನಾಗಾಭರಣರ ‘ಅನ್ವೇಷಣೆ’ (1983) ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡರು.

1985ರಲ್ಲಿ ಪದ್ಮಶ್ರೀ ಗೌರವ ಸಂದಿತು. ಮರುವರ್ಷ ನವೆಂಬರ್ 28ರಂದು ಗಂಡುಮಗುವಿಗೆ ಜನ್ಮವಿತ್ತ ಸ್ಮಿತಾ, ಹೆರಿಗೆಯ ನಂತರದ ತೊಂದರೆಗಳಿಂದ ಡಿಸೆಂಬರ್ 13ರಂದು ಕೊನೆಯುಸಿರೆಳೆದರು. ಆಗ ಅವರಿಗೆ ಕೇವಲ 31 ವರ್ಷ.

ಅವರ ಮರಣಾನಂತರ 1987ರಲ್ಲಿ ‘ಮಿರ್ಚ್ ಮಸಾಲಾ’ ತೆರೆಕಂಡಿತು. ಸುಬೇದಾರನ ದರ್ಪಕ್ಕೆ ಮಣಿಯದೆ ಕುಡುಗೋಲು ಹಿಡಿದು ನಿಂತ ಅದರ ಸೋನ್‌ಬಾಯಿಯನ್ನು ಪ್ರೇಕ್ಷಕರು ಇಂದಿಗೂ ಮರೆತಿಲ್ಲ.