ಒಂದು ಸೆಂಟ್ ನಾಣ್ಯದ ಮೂರಕ್ಷರ: ವಿಕ್ಟರ್ ಬ್ರೆನ್ನರ್ ಎಂಬ ವಲಸಿಗನ ಕತೆ

ಅಮೆರಿಕದಲ್ಲಿ ಹಳೆ ನಾಣ್ಯ ಸಂಗ್ರಹಿಸುವವರ ಕೈಗೆ 1909ರ ಒಂದು ಸೆಂಟ್ ಕೊಟ್ಟು ನೋಡಿ. ಮೊದಲು ಹಿಂಬದಿ ತಿರುಗಿಸಿ ಕೆಳಗಿನ ಅಂಚಿಗೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ವಿ.ಡಿ.ಬಿ. ಎಂಬ ಮೂರು ಪುಟ್ಟ ಇಂಗ್ಲಿಷ್ ಅಕ್ಷರಗಳು ಕಂಡರೆ ಮತ್ತೆ ಮುಂಬದಿಗೆ ಬಂದು, ಇಸವಿಯ ಕೆಳಗೆ ಎಸ್ ಅಕ್ಷರ ಇದೆಯೇ ಎಂದು ಹುಡುಕುತ್ತಾರೆ. ಎರಡೂ ಇದ್ದರೆ, ಸವೆದು ಕಪ್ಪಾದ ನಾಣ್ಯಕ್ಕೂ ನೂರಾರು ಡಾಲರ್ ಬೆಲೆ. ಎರಡೂ ಇಲ್ಲದ ಅದೇ ವರ್ಷದ ಲಿಂಕನ್ ಸೆಂಟ್‌ಗೆ ಕೆಲವೇ ಡಾಲರ್. ತಾಮ್ರ ಮಾತ್ರ ಎರಡರಲ್ಲೂ ಅಷ್ಟೇ, ಸುಮಾರು ಮೂರು ಗ್ರಾಂ.

ಆ ಮೂರಕ್ಷರ ವಿಕ್ಟರ್ ಡೇವಿಡ್ ಬ್ರೆನ್ನರ್ ಎಂಬ ಶಿಲ್ಪಿಯ ಹೆಸರಿನದ್ದು. ಬ್ರೆನ್ನರ್ ಹುಟ್ಟಿದ್ದು 1871ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಲಿಥುವೇನಿಯಾದ ಶೌಲಿಯಾಯ್ ಪಟ್ಟಣದ ಯಹೂದಿ ಕುಟುಂಬದಲ್ಲಿ. ಲೋಹದ ಮೇಲೆ ಕೆತ್ತುವ ಕೆಲಸ ತಂದೆಯಿಂದ ಬಂದದ್ದು. 1890ರಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದಾಗ ಕೈಯಲ್ಲಿದ್ದದ್ದು ಆ ಕಸುಬೊಂದೇ. ಹಗಲು ಬ್ಯಾಡ್ಜ್, ಪದಕಗಳ ಅಚ್ಚು ಕೊರೆಯುವ ಕೆಲಸ, ರಾತ್ರಿ ಕೂಪರ್ ಯೂನಿಯನ್‌ನಲ್ಲಿ ತರಗತಿ. ಒಂದಿಷ್ಟು ದುಡ್ಡು ಕೂಡಿಟ್ಟು 1898ರಲ್ಲಿ ಪ್ಯಾರಿಸ್‌ಗೆ ಹೋದರು. ಪದಕ ಶಿಲ್ಪದಲ್ಲಿ ದೊಡ್ಡ ಹೆಸರಾಗಿದ್ದ ಆಸ್ಕರ್ ರೋಟಿ ಬಳಿ ಕಲಿತು ವಾಪಸಾದರು.

ತಿರುವು ಸಿಕ್ಕಿದ್ದು 1908ರಲ್ಲಿ. ಪನಾಮಾ ಕಾಲುವೆ ಕಾಮಗಾರಿಯ ಪದಕಕ್ಕಾಗಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ಮುಖ ಮೂಡಿಸುವ ಕೆಲಸ ಬ್ರೆನ್ನರ್ ಪಾಲಿಗೆ ಬಂತು. ಅದಕ್ಕೂ ಮೊದಲೇ ಅವರು ಅಬ್ರಹಾಂ ಲಿಂಕನ್ ಅವರ ಒಂದು ಉಬ್ಬುಫಲಕ ಮಾಡಿಟ್ಟಿದ್ದರು. ಅದು ರೂಸ್‌ವೆಲ್ಟ್‌ಗೆ ಹಿಡಿಸಿತು. ಮರುವರ್ಷವೇ ಲಿಂಕನ್ ಜನ್ಮಶತಾಬ್ದಿ. ನಾಣ್ಯಗಳು ಚೆನ್ನಾಗಿ ಕಾಣಬೇಕೆಂಬ ಹಟ ಬೇರೆ ರೂಸ್‌ವೆಲ್ಟ್‌ಗಿತ್ತು. ಹಾಗೆ ಒಂದು ಸೆಂಟ್ ನಾಣ್ಯದ ಮೇಲೆ ಲಿಂಕನ್ ಬಂದರು. ಅಮೆರಿಕದ ದಿನಬಳಕೆಯ ನಾಣ್ಯದಲ್ಲಿ ಅಲ್ಲಿನ ಅಧ್ಯಕ್ಷರೊಬ್ಬರ ಮುಖ ಕಾಣಿಸಿದ್ದು ಅದೇ ಮೊದಲು. ಹಿಂಬದಿಯಲ್ಲಿ ಎರಡು ಗೋಧಿ ತೆನೆ, ಅವುಗಳ ಬುಡದ ನಡುವೆ ಕಲಾವಿದನ ಮೂರಕ್ಷರ.

ಬ್ರೆನ್ನರ್ ಮೊದಲ ಮಾದರಿಯಲ್ಲಿ ಬರೆದಿದ್ದು ತಮ್ಮ ಪೂರ್ತಿ ಉಪನಾಮವನ್ನು. ಅದು ಬೇಡವೆಂದ ಮೇಲೆ ಮೂರಕ್ಷರಕ್ಕೆ ಇಳಿಸಿಕೊಂಡಿದ್ದರು. ಸುದ್ದಿಮನೆಯಲ್ಲಿ ಬೈಲೈನ್‌ಗಾಗಿ ನಡೆಯುವ ಜಗ್ಗಾಟ ನೋಡಿದವರಿಗೆ ಈ ಆಸೆ ತಪ್ಪು ಅನ್ನಿಸಲಿಕ್ಕಿಲ್ಲ.

1909ರ ಆಗಸ್ಟ್ 2ರಂದು ನಾಣ್ಯ ಬಿಡುಗಡೆಯಾಯಿತು. ನ್ಯೂಯಾರ್ಕ್‌ನ ಖಜಾನೆ ಕಚೇರಿ ಮುಂದೆ ಉದ್ದುದ್ದ ಸಾಲು. ಆದರೆ ಜತೆಯಲ್ಲೇ ತಕರಾರೂ ಶುರುವಾಯಿತು. ದೇಶದ ನಾಣ್ಯದ ಮೇಲೆ ಶಿಲ್ಪಿಯೊಬ್ಬ ತನ್ನ ಜಾಹೀರಾತು ಹಾಕಿಕೊಂಡಿದ್ದಾನೆ, ಅದೂ ಅಷ್ಟು ಎದ್ದು ಕಾಣುವಂತೆ ಎಂಬ ದೂರು. ಖಜಾನೆ ಕಾರ್ಯದರ್ಶಿ ಫ್ರಾಂಕ್ಲಿನ್ ಮ್ಯಾಕ್‌ವೇ ಮೂರೇ ದಿನದಲ್ಲಿ ಅಕ್ಷರ ತೆಗೆಯಲು ಆದೇಶಿಸಿದರು. ಅದಕ್ಕೂ ಹಿಂದಿನ ಇಂಡಿಯನ್ ಹೆಡ್ ಸೆಂಟ್‌ನಲ್ಲಿ ಅದರ ಕೆತ್ತನೆಗಾರ ಲಾಂಗೇಕರ್ ಅವರ ಎಲ್ ಅಕ್ಷರ 1864ರಿಂದಲೂ ಇತ್ತು. ಅದರ ತಂಟೆಗೆ ಯಾರೂ ಹೋಗಿರಲಿಲ್ಲ. ಮೂರರ ಬದಲು ಒಂದೇ ಬಿ ಇರಲಿ ಎಂಬ ಯೋಚನೆಯೂ ಬಂತು. ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಒಪ್ಪಲಿಲ್ಲ. ಅವರ ನಾಣ್ಯಗಳ ಮೇಲೆ ಇದ್ದದ್ದೂ ಬಿ ಅಕ್ಷರವೇ, ಗೊಂದಲವಾಗುತ್ತದೆ ಎಂಬುದು ವಾದ. ಕೊನೆಗೆ ಅಚ್ಚಿನಿಂದ ಮೂರೂ ಅಕ್ಷರ ಅಳಿಸಿಹೋದವು. ಬ್ರೆನ್ನರ್‌ಗೆ ಸಿಕ್ಕಿದ್ದು ವಿನ್ಯಾಸದ ಸಂಭಾವನೆ 1,000 ಡಾಲರ್ ಮತ್ತು ಈ ಅವಮಾನ.

ಅಳಿಸಿದ್ದರಿಂದಲೇ ಆ ಅಕ್ಷರಗಳಿಗೆ ಬೆಲೆ ಬಂದದ್ದು. ಆದೇಶ ಬರುವ ಹೊತ್ತಿಗೆ ಫಿಲಡೆಲ್ಫಿಯಾ ಟಂಕಸಾಲೆ ಮೂರಕ್ಷರದ ಸುಮಾರು 2.8 ಕೋಟಿ ನಾಣ್ಯ ಅಚ್ಚು ಹಾಕಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಗಿದ್ದು 4,84,000 ಮಾತ್ರ. ಎಸ್ ಎಂಬುದು ಆ ಟಂಕಸಾಲೆಯ ಗುರುತು. (ನಮ್ಮಲ್ಲೂ ಇದೆ. ಜೇಬಿನ ರೂಪಾಯಿ ನಾಣ್ಯದಲ್ಲಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್.) ಫಿಲಡೆಲ್ಫಿಯಾದ್ದನ್ನು ಜನ ವಿವಾದದ ಕುತೂಹಲಕ್ಕೆ ರಾಶಿರಾಶಿ ಎತ್ತಿಟ್ಟುಕೊಂಡರು, ಹಾಗಾಗಿ ಅದು ಇಂದಿಗೂ ಅಗ್ಗ.

ಹಾಗಾದರೆ ಕಡಿಮೆ ಸಂಖ್ಯೆಯೇ ಬೆಲೆಯ ಗುಟ್ಟೇ? ಪೂರ್ತಿ ಅಲ್ಲ. ಅದೇ 1909ರಲ್ಲಿ ಅದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಡಿಯನ್ ಹೆಡ್ ಸೆಂಟ್ 3,09,000 ಮಾತ್ರ ತಯಾರಾಯಿತು. ಇನ್ನೂ ಅಪರೂಪ, ಆದರೂ ಸಾಮಾನ್ಯವಾಗಿ ಬ್ರೆನ್ನರ್ ಸೆಂಟ್‌ಗಿಂತ ಕಡಿಮೆ ಬೆಲೆ. ಕಾರಣ, ಬೇಕು ಅನ್ನುವವರ ಸಂಖ್ಯೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ವರ್ಷಕ್ಕೊಂದು ತೂತು ಇರುವ ರಟ್ಟಿನ ಹಲಗೆಗಳು ಮಾರುಕಟ್ಟೆಗೆ ಬಂದವು. ಚಿಲ್ಲರೆಯಲ್ಲಿ ಸಿಕ್ಕ ಲಿಂಕನ್ ಸೆಂಟ್‌ಗಳನ್ನು ಅದರಲ್ಲಿ ತುಂಬುವುದು ಮನೆಮನೆಯ ಹವ್ಯಾಸವಾಯಿತು. ಎಲ್ಲ ತೂತು ತುಂಬಿದರೂ 1909ರ ಎಸ್ ವಿ.ಡಿ.ಬಿ. ತೂತು ಮಾತ್ರ ಖಾಲಿ ಉಳಿಯುತ್ತಿತ್ತು. ಆ ಖಾಲಿ ತೂತಿನದ್ದೇ ಬೆಲೆ ಅನ್ನಬಹುದು.

ಬೆಲೆ ಏರಿದ ಮೇಲೆ ನಕಲಿಯೂ ಹುಟ್ಟಿತು. ಅಗ್ಗದ ಫಿಲಡೆಲ್ಫಿಯಾ ನಾಣ್ಯಕ್ಕೆ ಒಂದು ಎಸ್ ಅಂಟಿಸಿದರೆ ಮುಗಿಯಿತು! ಅದಕ್ಕೇ ಪರಿಣತರು ಎಸ್ ಇರುವ ಜಾಗ, ಬಿ ಅಕ್ಷರದ ಓರೆಯಾದ ನಡುಗೆರೆಯನ್ನು ಭೂತಗನ್ನಡಿ ಹಿಡಿದು ನೋಡುತ್ತಾರೆ. ಆಮೇಲೆ ಸವೆತ, ಬಣ್ಣ. ಟಂಕಸಾಲೆಯ ಕೆಂಪು ಹೊಳಪು ಉಳಿದಿದ್ದರೆ ಸಾವಿರಾರು ಡಾಲರ್. ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ಬೆಳಗುವ ನಮ್ಮ ರೂಢಿಯನ್ನು ಇಲ್ಲಿ ಬಳಸಿದರೆ ಕೆಟ್ಟಿತು, ತೊಳೆದ ನಾಣ್ಯಕ್ಕೆ ಬೆಲೆ ಕುಸಿಯುತ್ತದೆ.

ಬ್ರೆನ್ನರ್ ಆಮೇಲೂ ಕೆಲಸ ನಿಲ್ಲಿಸಲಿಲ್ಲ. ಪಿಟ್ಸ್‌ಬರ್ಗ್‌ನ ಶೆನ್ಲಿ ಪ್ಲಾಜಾದಲ್ಲಿ 1918ರಲ್ಲಿ ಅವರ ಕಾರಂಜಿ ಶಿಲ್ಪ ನಿಂತಿತು. ಅದೇ ವರ್ಷ ಮೂರಕ್ಷರವೂ ನಾಣ್ಯಕ್ಕೆ ಮರಳಿದವು. ಈ ಬಾರಿ ಲಿಂಕನ್ ಭುಜದ ಕೆಳತುದಿಯಲ್ಲಿ, ಹುಡುಕಿದರಷ್ಟೇ ಕಾಣುವಷ್ಟು ಸಣ್ಣದಾಗಿ. ಬಾರ್ಬರ್ ಹಿಂದಿನ ವರ್ಷ ತೀರಿಕೊಂಡಿದ್ದರು. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ರೆನ್ನರ್ ನಿಧನರಾದಾಗ ವಯಸ್ಸು 52.

2012ರಲ್ಲಿ ಮಂಗಳ ಗ್ರಹಕ್ಕಿಳಿದ ಕ್ಯೂರಿಯಾಸಿಟಿ ರೋವರ್ ಮೇಲೆ, ಕ್ಯಾಮೆರಾಕ್ಕೆ ಅಳತೆಗಾಗಿ ನಾಸಾ ಅಂಟಿಸಿ ಕಳಿಸಿದ್ದು 1909ರ ವಿ.ಡಿ.ಬಿ. ಸೆಂಟ್ ಅನ್ನೇ. ಇತ್ತ ತಯಾರಿಕೆ ವೆಚ್ಚ ಮುಖಬೆಲೆಯನ್ನು ಮೀರಿದ್ದರಿಂದ, ಚಲಾವಣೆಗಾಗಿ ಸೆಂಟ್ ಅಚ್ಚು ಹಾಕುವುದನ್ನು ಅಮೆರಿಕ 2025ರ ನವೆಂಬರ್‌ನಲ್ಲಿ ನಿಲ್ಲಿಸಿತು. ಗೋಧಿ ತೆನೆಗಳು 1959ರಲ್ಲೇ ಹೋಗಿದ್ದವು. ಲಿಂಕನ್ ಮುಖ ಮತ್ತು ಭುಜದಂಚಿನ ಮೂರಕ್ಷರ ಕೊನೆಯವರೆಗೂ ಇದ್ದವು.