ಅಧಿಕಾರವಿಲ್ಲದ ಅರಸರು

ನಮ್ಮ ಕಡಕೊಳದ ನೆರೆಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ, ಸುಮಾರು ಐದು ವರ್ಷದ ಬಾಲಕರಾಗಿ, ಪಟ್ಟವೇರಿದರು. ಮಲೆನಾಡಿನ ನಗರ ಸೀಮೆಯಲ್ಲಿ ರೈತರು ದಂಗೆಯೆದ್ದಾಗ, ದುರಾಡಳಿತದ ಆರೋಪ ಹೊರಿಸಿ, ಬ್ರಿಟಿಷರು 1831ರಲ್ಲಿ ಆಡಳಿತವನ್ನು ಅವರಿಂದ ಕಸಿದುಕೊಂಡರು. ಆಗ ಅವರಿಗೆ 37 ವರ್ಷ.

ಅರಸರು ಎದೆಗುಂದಿ ಕೂರಲಿಲ್ಲ. 1833ರಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದರು. ಕವಿ, ವಿದ್ವಾಂಸರಿಗೆ ಆಶ್ರಯವಿತ್ತರು. ಇಂದಿನ ಸಂತ ಫಿಲೋಮಿನಾ ದೇವಾಲಯದ ಸ್ಥಳದಲ್ಲಿ ಹಿಂದಿನ ದೇವಾಲಯ 1843ರಲ್ಲಿ ನಿರ್ಮಾಣವಾದದ್ದೂ ಅವರ ಕಾಲದಲ್ಲಿಯೇ. ರಾಜ್ಯವನ್ನು ಹಿಂದಿರುಗಿಸಬೇಕೆಂದು ಮನವಿಗಳನ್ನು ಸಲ್ಲಿಸುತ್ತಲೇ ಇದ್ದರು. 1868ರಲ್ಲಿ ನಿಧನರಾಗುವವರೆಗೂ ಅದು ಕೈಗೂಡಲಿಲ್ಲ. 1881ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು.

ಉದ್ಯೋಗ ಕಳೆದುಕೊಂಡು ಮನನೊಂದ ಬಂಧುಗಳು ಈ ಬಾಳನ್ನು ನೆನೆಯಲಿ. ನ್ಯಾಯವನ್ನು ತಾಳ್ಮೆಯಿಂದ ಕೇಳುತ್ತಿರೋಣ. ಅದು ಬರುವ ತನಕ ಕೈಯಲ್ಲುಳಿದ ಸತ್ಕಾರ್ಯವನ್ನು ಬಿಡದಿರೋಣ.