ಮೊಲದ ಕಥೆ ಬರೆದಾಕೆಯ ದೊಡ್ಡ ಮನಸ್ಸು: ಬಿಯಾಟ್ರಿಕ್ಸ್ ಪಾಟರ್ ಸ್ಮರಣೆ

1893ರ ಸೆಪ್ಟೆಂಬರ್ 4. ಸ್ಕಾಟ್ಲೆಂಡಿನ ಡಂಕೆಲ್ಡ್ ಎಂಬ ಊರಿನಲ್ಲಿ ತಂದೆತಾಯಿಯ ಜೊತೆ ರಜೆ ಕಳೆಯುತ್ತಿದ್ದ 27 ವರ್ಷದ ಯುವತಿಯೊಬ್ಬಳು ಕಾಗದ ಬರೆಯಲು ಕುಳಿತಳು. ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಮಲಗಿದ್ದ ಐದು ವರ್ಷದ ನೋಯೆಲ್ ಮೂರ್ ಎಂಬ ಬಾಲಕನಿಗೆ ಆ ಕಾಗದ. ಬರೆಯಲು ವಿಶೇಷ ಸುದ್ದಿ ಏನೂ ಇರಲಿಲ್ಲ. ಆದ್ದರಿಂದ ನಾಲ್ಕು ಮರಿ ಮೊಲಗಳ ಒಂದು ಕಥೆ ಕಟ್ಟಿ, ಪುಟಪುಟಕ್ಕೂ ಚಿತ್ರ ಬಿಡಿಸಿ ಕಳುಹಿಸಿದಳು. ಆ ಕಾಗದವೇ ಮುಂದೆ ಪೀಟರ್ ರ‍್ಯಾಬಿಟ್ ಎಂಬ ತುಂಟ ಮೊಲದ ಪುಸ್ತಕವಾಗಿ ಲೋಕದ ಮಕ್ಕಳನ್ನೆಲ್ಲ ತಲುಪಿತು. ಬರೆದಾಕೆ ಬಿಯಾಟ್ರಿಕ್ಸ್ ಪಾಟರ್.

ಪುಸ್ತಕವನ್ನು ನಾವೆಲ್ಲ ಬಲ್ಲೆವು. ಆದರೆ ಅದರ ಹಿಂದಿನ ಜೀವನವನ್ನು ತಿಳಿದವರು ಕಡಿಮೆ. ಒಂಟಿತನದಲ್ಲಿ ಬೆಳೆದ ಹುಡುಗಿಯೊಬ್ಬಳು ತನ್ನ ಹವ್ಯಾಸಗಳನ್ನು, ಸಾಕುಪ್ರಾಣಿಗಳನ್ನು, ಕೆಲವೇ ಕೆಲವು ಗೆಳೆಯರನ್ನು ಕೊನೆಯವರೆಗೂ ಕೈಬಿಡದೆ ಹೇಗೆ ಬಾಳಿದಳು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳೋಣ.

ಒಂಟಿ ಬಾಲ್ಯ, ತುಂಬಿದ ಕೋಣೆ

ಬಿಯಾಟ್ರಿಕ್ಸ್ 1866ರ ಜುಲೈ 28ರಂದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಜನಿಸಿದರು. ತಂದೆ ರೂಪರ್ಟ್ ವಕೀಲಿ ಓದಿದವರು, ತಾಯಿ ಹೆಲೆನ್. ಎರಡೂ ಕಡೆಯವರಿಗೆ ಲ್ಯಾಂಕಾಶೈರಿನ ಹತ್ತಿ ವ್ಯಾಪಾರದಿಂದ ಬಂದ ಸಿರಿತನವಿತ್ತು. ಆ ಕಾಲದ ಸಿರಿವಂತರ ಪದ್ಧತಿಯಂತೆ ಮಗಳನ್ನು ಶಾಲೆಗೆ ಕಳುಹಿಸಲಿಲ್ಲ. ಮನೆಗೇ ಶಿಕ್ಷಕಿಯರು ಬಂದು ಪಾಠ ಹೇಳಿದರು. ಓರಗೆಯ ಗೆಳತಿಯರಿಲ್ಲ. ಜೊತೆಗಿದ್ದವನು ಆರು ವರ್ಷ ಕಿರಿಯನಾದ ತಮ್ಮ ಬರ್ಟ್ರಮ್ ಒಬ್ಬನೇ.

ಆದರೆ ಮಹಡಿಯ ಪಾಠದ ಕೋಣೆ ಮಾತ್ರ ಎಂದೂ ಖಾಲಿ ಇರಲಿಲ್ಲ. ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿ, ಹಾವು, ಮೈತುಂಬ ಮುಳ್ಳಿನ ಹೆಡ್ಜ್‌ಹಾಗ್ ಎಲ್ಲವೂ ಅಲ್ಲಿ ವಾಸಿಸುತ್ತಿದ್ದವು. ಅಕ್ಕ-ತಮ್ಮ ಅವುಗಳನ್ನು ಮುದ್ದಿಸಿದ್ದಷ್ಟೇ ಅಲ್ಲ, ಗಂಟೆಗಟ್ಟಲೆ ಕುಳಿತು ಚಿತ್ರ ಬಿಡಿಸಿದರು. ಸತ್ತ ಪ್ರಾಣಿಗಳ ಎಲುಬುಗಳನ್ನು ಬೇರ್ಪಡಿಸಿ ಅವುಗಳ ಜೋಡಣೆಯನ್ನೂ ಅಭ್ಯಾಸ ಮಾಡಿದರು. ಮುಂದೆ ಪುಸ್ತಕದಲ್ಲಿ ಕೋಟು ತೊಟ್ಟ ಮೊಲವೂ ನಿಜವಾದ ಮೊಲದಂತೆಯೇ ಕಾಣಲು ಈ ಅಭ್ಯಾಸವೇ ಕಾರಣ.

ಬೆಂಜಮಿನ್ ಬೌನ್ಸರ್ ಎಂಬ ಮೊಲವನ್ನು ನಾಯಿಯಂತೆ ಪಟ್ಟಿ ಕಟ್ಟಿ ತಿರುಗಾಡಿಸುತ್ತಿದ್ದರು. ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿಯೆಂದರೆ ಅದಕ್ಕೆ ಪ್ರಾಣ. 1890ರಲ್ಲಿ ಅದರ ಚಿತ್ರಗಳನ್ನು ಶುಭಾಶಯ ಪತ್ರಗಳಿಗಾಗಿ ಮಾರಿ ಬಿಯಾಟ್ರಿಕ್ಸ್ ತಮ್ಮ ಮೊದಲ ಸಂಪಾದನೆ 6 ಪೌಂಡ್ ಗಳಿಸಿದರು. ಅನಂತರ ಬಂದ ಪೀಟರ್ ಪೈಪರ್ ಎಂಬ ಮೊಲವೇ ಪ್ರಸಿದ್ಧ ಪೀಟರನಿಗೆ ಮೂಲ. ತನ್ನ ಹೆಸರಿನ ಪುಸ್ತಕ ಅಚ್ಚಾಗುವ ಮೊದಲೇ, 1901ರ ಆರಂಭದಲ್ಲಿ, ಅದು ತೀರಿಕೊಂಡಿತು.

ಸುಮಾರು 15ರ ವಯಸ್ಸಿನಿಂದ 30ರವರೆಗೆ ಬಿಯಾಟ್ರಿಕ್ಸ್ ಒಂದು ದಿನಚರಿ ಬರೆದರು. ಯಾರೂ ಓದಬಾರದೆಂದು ತಾವೇ ಕಲ್ಪಿಸಿದ ಗುಪ್ತ ಲಿಪಿಯಲ್ಲಿ, ಸಣ್ಣ ಸಣ್ಣ ಅಕ್ಷರಗಳಲ್ಲಿ ಬರೆದರು. ಅವರು ತೀರಿಹೋಗಿ ಹದಿನಾಲ್ಕು ವರ್ಷಗಳ ಬಳಿಕ, 1958ರ ಈಸ್ಟರ್ ಸೋಮವಾರದಂದು, ಲೆಸ್ಲಿ ಲಿಂಡರ್ ಎಂಬವರು ಅದರ ಗುಟ್ಟನ್ನು ಬಿಡಿಸಿದರು. ಮನಸ್ಸಿನ ಮಾತಿಗೂ ಬೀಗ ಹಾಕಬೇಕಾಗಿ ಬಂದ ಆ ಹುಡುಗಿಯ ಒಂಟಿತನವನ್ನು ನಾವು ಊಹಿಸಬಹುದು.

ಅಣಬೆಗಳ ಹಿಂದೆ

ಬಿಯಾಟ್ರಿಕ್ಸ್ ಅವರ ಇನ್ನೊಂದು ಹವ್ಯಾಸ ಅಣಬೆ. ಸ್ಕಾಟ್ಲೆಂಡಿನ ಪರ್ತ್‌ಶೈರಿನಲ್ಲಿ ಚಾರ್ಲ್ಸ್ ಮ್ಯಾಕಿಂಟೋಷ್ ಎಂಬ ಅಂಚೆಯಣ್ಣನಿದ್ದರು. ಪ್ರತಿದಿನ ಮೈಲುಗಟ್ಟಲೆ ನಡೆದು ಅಂಚೆ ಹಂಚುತ್ತಲೇ ಗಿಡ-ಮರ, ಅಣಬೆಗಳ ಬಗ್ಗೆ ಪಂಡಿತರಾದವರು. ಅವರು ಅಣಬೆಗಳನ್ನು ಅಂಚೆಯಲ್ಲಿ ಲಂಡನ್ನಿಗೆ ಕಳುಹಿಸಿದರೆ, ಬಿಯಾಟ್ರಿಕ್ಸ್ ಚಿತ್ರ ಬರೆದು ಮರಳಿ ಕಳುಹಿಸುತ್ತಿದ್ದರು. ಸಿರಿವಂತರ ಮಗಳಿಗೂ ಹಳ್ಳಿಯ ಅಂಚೆಯವರಿಗೂ ಹೀಗೆ ಸ್ನೇಹ ಬೆಳೆಯಿತು.

ಅಣಬೆಯ ಬೀಜಕಣಗಳು ಮೊಳೆಯುವ ಬಗ್ಗೆ ಬಿಯಾಟ್ರಿಕ್ಸ್ ಒಂದು ಪ್ರಬಂಧ ಸಿದ್ಧಪಡಿಸಿದರು. 1897ರ ಏಪ್ರಿಲ್ 1ರಂದು ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಬಂತು. ಆದರೆ ಆಗ ಸ್ತ್ರೀಯರಿಗೆ ಆ ಸಭೆಗೆ ಪ್ರವೇಶವಿರಲಿಲ್ಲ. ಜಾರ್ಜ್ ಮ್ಯಾಸಿ ಎಂಬ ವಿಜ್ಞಾನಿ ಅವರ ಪರವಾಗಿ ಅದನ್ನು ಒಪ್ಪಿಸಿದರು. ಬಳಿಕ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು, ಅಚ್ಚಾಗಲೇ ಇಲ್ಲ. ನೂರು ವರ್ಷಗಳ ನಂತರ, 1997ರಲ್ಲಿ, ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿರಲಿಲ್ಲವೆಂದು ಅದೇ ಸಂಸ್ಥೆ ಒಪ್ಪಿಕೊಂಡಿತು. ಅವರ ಅಣಬೆ ಚಿತ್ರಗಳನ್ನು 1967ರಲ್ಲಿ ಅಣಬೆಗಳ ಒಂದು ಕೈಪಿಡಿಯಲ್ಲಿ ಬಳಸಲಾಯಿತು. ಹವ್ಯಾಸವಾಗಿ ಮಾಡಿದ ಕೆಲಸವೂ ನಿಷ್ಠೆಯಿಂದ ಮಾಡಿದರೆ ವ್ಯರ್ಥವಾಗುವುದಿಲ್ಲ.

ಕಾಗದ ಜೋಪಾನ ಮಾಡಿದ ಮಕ್ಕಳು

ಈಗ ನೋಯೆಲ್‌ನ ಕಾಗದಕ್ಕೆ ಬರೋಣ. ಆತನ ತಾಯಿ ಆ್ಯನಿ ಬಿಯಾಟ್ರಿಕ್ಸ್‌ರ ಕೊನೆಯ ಶಿಕ್ಷಕಿ. ವಯಸ್ಸಿನಲ್ಲಿ ಮೂರೇ ವರ್ಷ ಹಿರಿಯರಾದುದರಿಂದ ಗುರುವಿಗಿಂತ ಗೆಳತಿಯೇ ಹೆಚ್ಚು. ಆ್ಯನಿ ಮದುವೆಯಾಗಿ ಹೋದರೂ ಸ್ನೇಹ ಮುರಿಯಲಿಲ್ಲ. ಎಂಟು ಮಕ್ಕಳ ಆ ಮನೆಗೆ ಬಿಯಾಟ್ರಿಕ್ಸ್ ಆಗಾಗ ಹೋಗುತ್ತಿದ್ದರು, ದೂರವಿದ್ದಾಗ ಚಿತ್ರದ ಕಾಗದಗಳನ್ನು ಬರೆಯುತ್ತಿದ್ದರು.

1900ರಲ್ಲಿ ಈ ಕಥೆಗಳನ್ನು ಪುಸ್ತಕ ಮಾಡಬಾರದೇಕೆ ಎಂದು ಕೇಳಿದವರು ಆ್ಯನಿ. ಮಕ್ಕಳು ಅಷ್ಟೂ ವರ್ಷ ಕಾಗದಗಳನ್ನು ಜೋಪಾನವಾಗಿ ಇಟ್ಟಿದ್ದರು. ಬಿಯಾಟ್ರಿಕ್ಸ್ ಅವನ್ನು ಎರವಲು ಪಡೆದು ಪುಸ್ತಕ ಬರೆದರು. ಪ್ರಕಾಶಕರು ಒಬ್ಬರ ಹಿಂದೊಬ್ಬರು ಬೇಡವೆಂದರು. ಆಗ 1901ರ ಡಿಸೆಂಬರಿನಲ್ಲಿ ತಮ್ಮದೇ ಹಣದಿಂದ 250 ಪ್ರತಿಗಳನ್ನು ಅಚ್ಚು ಹಾಕಿಸಿದರು. 1902ರ ಅಕ್ಟೋಬರಿನಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಪ್ರಕಟಿಸಿದಾಗ ಮೊದಲ ಮುದ್ರಣದ 8,000 ಪ್ರತಿಗಳು ಬಿಡುಗಡೆಗೆ ಮುಂಚೆಯೇ ಮುಗಿದಿದ್ದವು. ಇದೂ ಸೇರಿ ಇಂತಹ ಒಟ್ಟು 23 ಪುಟ್ಟ ಪುಸ್ತಕಗಳು ಬಂದವು. ಸ್ನೇಹಿತೆಯ ಒಂದು ಮಾತು, ಮಕ್ಕಳು ಕಾಪಾಡಿದ ಹಾಳೆಗಳು ಇವಿಲ್ಲದಿದ್ದರೆ ಪೀಟರ್ ಯಾವುದೋ ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದ.

ಪ್ರೀತಿಯೂ ದುಃಖವೂ

ಪುಸ್ತಕಗಳ ಕೆಲಸದಲ್ಲಿ ಪ್ರಕಾಶಕರ ಮನೆತನದ ನಾರ್ಮನ್ ವಾರ್ನ್ ಅವರ ಪರಿಚಯ ಪ್ರೀತಿಗೆ ತಿರುಗಿತು. ನಾರ್ಮನ್ ಕೈಯಾರೆ ಗೊಂಬೆಮನೆ ಮಾಡಬಲ್ಲ ಮೃದು ಮನಸ್ಸಿನವರು. ಬಿಯಾಟ್ರಿಕ್ಸ್‌ರ ಇಲಿಗಳಿಗೂ ಗಾಜಿನ ಪೆಟ್ಟಿಗೆ ಮಾಡಿಕೊಟ್ಟಿದ್ದರು. 1905ರ ಜುಲೈಯಲ್ಲಿ ಮದುವೆಯ ಪ್ರಸ್ತಾಪ ಬಂತು. ವ್ಯಾಪಾರ ಮಾಡುವವನಿಗೆ ಮಗಳನ್ನು ಕೊಡುವುದೇ ಎಂದು ತಂದೆತಾಯಿ ವಿರೋಧಿಸಿದರು. ತಮ್ಮ ಸಿರಿತನವೂ ವ್ಯಾಪಾರದಿಂದಲೇ ಬಂದದ್ದೆಂಬುದನ್ನು ಮರೆತರು. ಆದರೂ ಬಿಯಾಟ್ರಿಕ್ಸ್ ಉಂಗುರ ತೊಟ್ಟರು. ಒಂದು ತಿಂಗಳು ತುಂಬುವಷ್ಟರಲ್ಲಿ, ಆಗಸ್ಟ್ 25ರಂದು, ನಾರ್ಮನ್ 37ನೇ ವಯಸ್ಸಿನಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡರು.

ನಿಶ್ಚಿತಾರ್ಥವನ್ನೇ ಗುಟ್ಟಾಗಿ ಇಟ್ಟಿದ್ದ ಕಾರಣ ಬಹಿರಂಗವಾಗಿ ಅಳುವ ಹಕ್ಕೂ ಅವರಿಗಿರಲಿಲ್ಲ. ಆ ನೋವನ್ನು ಹಂಚಿಕೊಂಡವರು ನಾರ್ಮನ್‌ರ ಅಕ್ಕ ಮಿಲಿ. ಸೊಸೆಯಾಗಿ ಆ ಮನೆಗೆ ಹೋಗದಿದ್ದರೂ ಮಿಲಿ ಜೊತೆಗಿನ ಸ್ನೇಹ ಜೀವನವಿಡೀ ಉಳಿಯಿತು.

ಕುರಿ ಮಂದೆಯ ಒಡತಿ

ಅದೇ ವರ್ಷ ಬಿಯಾಟ್ರಿಕ್ಸ್ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ನಿಯರ್ ಸಾರಿ ಎಂಬ ಹಳ್ಳಿಯಲ್ಲಿ ಹಿಲ್ ಟಾಪ್ ಎಂಬ ತೋಟದ ಮನೆ ಕೊಂಡರು. ದನ, ಹಂದಿ, ಕೋಳಿ, ಕುರಿ ಸಾಕಿದರು. ಭೂಮಿ ಕೊಳ್ಳುವ ವ್ಯವಹಾರದಲ್ಲಿ ನೆರವಾದ ಸ್ಥಳೀಯ ವಕೀಲ ವಿಲಿಯಂ ಹೀಲಿಸ್ 1912ರಲ್ಲಿ ಮದುವೆಯ ಮಾತೆತ್ತಿದರು. ಮತ್ತೆ ಅದೇ ವಿರೋಧ. ಆಗ ತಮ್ಮ ಬರ್ಟ್ರಮ್, ತಾನು ಹನ್ನೊಂದು ವರ್ಷಗಳಿಂದ ಗುಟ್ಟಾಗಿ ಮದುವೆಯಾಗಿರುವುದನ್ನು ಬಯಲು ಮಾಡಿ ಅಕ್ಕನ ಪರ ನಿಂತನು. 1913ರ ಅಕ್ಟೋಬರ್ 15ರಂದು, 47ನೇ ವಯಸ್ಸಿನಲ್ಲಿ, ಬಿಯಾಟ್ರಿಕ್ಸ್ ವಿವಾಹವಾದರು. ಮೂವತ್ತು ವರ್ಷ ಸುಖವಾಗಿ ಸಂಸಾರ ನಡೆಸಿದರು.

ಅಂದಿನಿಂದ ಅವರು ಹಳ್ಳಿಯ ಮಿಸೆಸ್ ಹೀಲಿಸ್. ಒರಟು ಉಣ್ಣೆಯ ಉಡುಪು, ಮರದ ಅಡಿಯ ಪಾದರಕ್ಷೆ ಹಾಕಿ ಮಳೆಯಲ್ಲೂ ಹೊಲಕ್ಕಿಳಿಯುತ್ತಿದ್ದರು. ಆ ಗುಡ್ಡಗಳ ಹರ್ಡ್‌ವಿಕ್ ತಳಿಯ ಕುರಿಗಳು ಕಡಿಮೆಯಾಗುತ್ತಿರುವುದನ್ನು ಕಂಡು ಅವನ್ನು ಉಳಿಸಲು ಪಣ ತೊಟ್ಟರು. ಕುರುಬ ಟಾಮ್ ಸ್ಟೋರಿ ಅವರೊಂದಿಗೆ ಸಾಕಿದ ಕುರಿಗಳು ಪ್ರದರ್ಶನಗಳಲ್ಲಿ ಬಹುಮಾನ ಗೆದ್ದವು. 1943ರಲ್ಲಿ ಹರ್ಡ್‌ವಿಕ್ ಕುರಿ ಸಾಕಣೆದಾರರ ಸಂಘ ಮುಂದಿನ ಅಧ್ಯಕ್ಷರಾಗಿ ಅವರನ್ನು ಆರಿಸಿತು. ಆ ಗೌರವ ಪಡೆದ ಮೊದಲ ಸ್ತ್ರೀ ಅವರು. ಊರಿಗೊಬ್ಬ ದಾದಿ ಬೇಕೆಂದಾಗ ನೆರವಾದರು, ಗರ್ಲ್ ಗೈಡ್ ಬಾಲಕಿಯರಿಗೆ ಶಿಬಿರ ಹೂಡಲು ತಮ್ಮ ಜಾಗ ಕೊಟ್ಟರು.

ಇಲ್ಲಿ ಇನ್ನೊಂದು ಹಳೆಯ ಗೆಳೆತನವನ್ನು ನೆನೆಯಬೇಕು. 1882ರಲ್ಲಿ, 16ರ ಹರೆಯದಲ್ಲಿ, ಇದೇ ಪ್ರದೇಶಕ್ಕೆ ರಜೆಗೆ ಬಂದಾಗ ಅಲ್ಲಿನ ಆಂಗ್ಲಿಕನ್ ಸಭೆಯ ಗುರು ಹಾರ್ಡ್‌ವಿಕ್ ರಾನ್ಸ್‌ಲಿ ಅವರ ಪರಿಚಯವಾಗಿತ್ತು. ಕೆರೆ, ಗುಡ್ಡ, ಹಳ್ಳಿಗಳನ್ನು ಮುಂದಿನ ತಲೆಮಾರಿಗೆ ಉಳಿಸಬೇಕೆಂದು ಹೋರಾಡಿ, 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದ ಮೂವರಲ್ಲಿ ಅವರೊಬ್ಬರು. ಪೀಟರನ ಪುಸ್ತಕಕ್ಕೂ ಪ್ರೋತ್ಸಾಹ ನೀಡಿದ್ದರು. 1920ರಲ್ಲಿ ಅವರು ತೀರಿಕೊಂಡರೂ ಅವರ ಕನಸು ಗೆಳತಿಯಲ್ಲಿ ಉಳಿಯಿತು. ಪುಸ್ತಕಗಳಿಂದ ಬಂದ ಹಣದಲ್ಲಿ ಬಿಯಾಟ್ರಿಕ್ಸ್ ಒಂದೊಂದಾಗಿ ಜಮೀನು ಕೊಳ್ಳುತ್ತಾ ಹೋದರು.

1943ರ ಡಿಸೆಂಬರ್ 22ರಂದು, ಕ್ರಿಸ್ಮಸ್‌ಗೆ ಮೂರು ದಿನ ಮೊದಲು, ಬಿಯಾಟ್ರಿಕ್ಸ್ ನಿಧನರಾದರು. ಅವರ ಇಚ್ಛೆಯಂತೆ ಟಾಮ್ ಸ್ಟೋರಿ ಚಿತಾಭಸ್ಮವನ್ನು ಸಾರಿಯ ಗುಡ್ಡದಲ್ಲಿ ಹರಡಿದರು. ಜಾಗ ಯಾವುದೆಂದು ಹೊರಗೆ ಹೇಳಲಿಲ್ಲ. ನಾಲ್ಕು ಸಾವಿರ ಎಕರೆಗೂ ಹೆಚ್ಚು ಭೂಮಿ, ಹಲವು ತೋಟದ ಮನೆಗಳು ನ್ಯಾಷನಲ್ ಟ್ರಸ್ಟ್‌ಗೆ ಸೇರಿದವು. ಗುಡ್ಡದ ಜಮೀನುಗಳಲ್ಲಿ ಹರ್ಡ್‌ವಿಕ್ ಕುರಿಗಳನ್ನೇ ಸಾಕಬೇಕೆಂದು ಉಯಿಲಿನಲ್ಲಿ ಬರೆದಿದ್ದರು. 2017ರಲ್ಲಿ ಲೇಕ್ ಡಿಸ್ಟ್ರಿಕ್ಟ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೆಸರಾಂತರ ಜೀವನವನ್ನು ನೋಡುವಾಗ ನಾವು ಹೆಚ್ಚಾಗಿ ಗೆಲುವನ್ನಷ್ಟೇ ನೋಡುತ್ತೇವೆ. ಬಿಯಾಟ್ರಿಕ್ಸ್‌ರ ಬಾಳಿನಲ್ಲಿ ಗೆಲುವಿಗಿಂತ ಮೊದಲು ಕಾಣುವುದು ಅವರು ಪರರಿಗೆ ಕೊಟ್ಟ ಸಮಯ. ಗಾಯಗೊಂಡ ಇಲಿಗೆ, ಅಂಚೆಯಣ್ಣನಿಗೆ, ಗೆಳತಿಯ ಮಕ್ಕಳಿಗೆ, ಗುಡ್ಡದ ಕುರಿಗೆ ಅವರು ಬಿಡುವು ಮಾಡಿಕೊಂಡರು. ನಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕಾಯಿಲೆ ಬಿದ್ದು ಮಲಗಿರುವ ಮಗುವೊಂದು ಇದ್ದರೆ, ಇಂದು ನಾವೂ ನಾಲ್ಕು ಸಾಲು ಬರೆಯೋಣವೇ? ಹೇಳಲು ವಿಶೇಷ ಸುದ್ದಿ ಇರಲೇಬೇಕೆಂದಿಲ್ಲ.